ಷಡ್ಡಕನ ಪಾಲಾದ ಹಾಡು

ಗಡಿಯಾರ ರಿಪೇರಿಯವನಿಗೆ ಎರಡು ಹುಚ್ಚು. ಒಂದು ಹಾಡಿನದು, ಇನ್ನೊಂದು ಆ ಹಾಡು ತನ್ನೊಬ್ಬನದೇ ಆಗಿರಬೇಕೆಂಬುದು. ಸಭಾಂಗಣಕ್ಕೆ ಯಾವ ತಂಡ ಬರಲಿ, ಅಂಗಡಿಯ ಶಟರ್ ಎಳೆದು ಓಡುತ್ತಿದ್ದ. ಗಿಟಾರಿನ ತಂತಿ ಬಿಗಿಯುವ ಸದ್ದು, ಮೈಕಿನವನ ‘ಹಲೋ, ಹಲೋ’, ಎದೆಗೇ ಬಿದ್ದಂತಾಗುವ ಡ್ರಮ್ಮಿನ ಮೊದಲ ಏಟು, ಇವಕ್ಕಾಗಿ ಊಟ ಬಿಟ್ಟರೂ ಬಿಟ್ಟಾನು. ಆದರೆ ಪಕ್ಕದವನು ಹಾಡಿನ ಸಾಲನ್ನು ತನಗಿಂತ ಮೊದಲು ಗುನುಗಿದನೋ, ಅಂದಿನ ಸುಖಕ್ಕೆ ಹುಳಿ ಹಿಂಡಿದಂತೆ. ಕಾಸು ಕೊಟ್ಟು ಹೊಟ್ಟೆ ಉರಿಸಿಕೊಂಡು ಬರುತ್ತಿದ್ದ.

ಈ ಉರಿಗೆ ಸೌದೆ ಒಟ್ಟುತ್ತಿದ್ದವನು ಷಡ್ಡಕ, ಹೆಂಡತಿಯ ತಂಗಿಯ ಗಂಡ. ವಿಮೆ ಏಜೆಂಟು, ಕಲ್ಲನ್ನೂ ಮಾತಾಡಿಸುವ ಬಾಯಿ. ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಹಾಡುಗಾರರ ಹೆಗಲ ಮೇಲೆ ಅವನ ಕೈ ಇರುತ್ತಿತ್ತು. ನಮ್ಮವನೋ, ಹಿಂದಿನ ಸಾಲಿನಲ್ಲಿ ನಿಂತು ಅದನ್ನು ನೋಡುತ್ತಿದ್ದ.

ಒಂದು ಸಲ ಗುಜರಿ ಅಂಗಡಿಯಿಂದ ಕೆಟ್ಟ ಗೋಡೆ ಗಡಿಯಾರವೊಂದನ್ನು ತಂದ. ಗಾಜಿಗೆ ಏಟಾಗದಿರಲೆಂದು ಗುಜರಿಯವನು ಒಂದು ರಟ್ಟನ್ನು ಅಡ್ಡ ಇಟ್ಟು ಕಟ್ಟಿದ್ದ. ಬಿಚ್ಚಿದರೆ ರಟ್ಟಿನೊಳಗೆ ದೊಡ್ಡ ಗ್ರಾಮಫೋನ್ ತಟ್ಟೆ. ಲೇಬಲ್ ಹರಿದು ಹಾಡಿದವರ ಹೆಸರಷ್ಟೇ ಉಳಿದಿತ್ತು, ಅದೂ ಗಂಡಿಗೂ ಹೆಣ್ಣಿಗೂ ಒಪ್ಪುವ ಹೆಸರು. ಸಣ್ಣ ತಟ್ಟೆ ಜೋರಾಗಿ, ದೊಡ್ಡ ತಟ್ಟೆ ನಿಧಾನವಾಗಿ ತಿರುಗಬೇಕೆಂಬುದು ಅವನು ಬಲ್ಲ ಲೆಕ್ಕ. ಪ್ಲೇಯರಿನ ವೇಗದ ಗುಂಡಿಯನ್ನು ನಿಧಾನದ ಕಡೆಗೆ ತಿರುಗಿಸಿ ಮುಳ್ಳು ಇಟ್ಟ.

ಭಾರವಾದ ಗಂಡು ದನಿಯೊಂದು ಯಾರನ್ನೋ ಬೀಳ್ಕೊಡುತ್ತಿತ್ತು. ಪಲ್ಲವಿಯ ಕೊನೆಗೆ ‘ಹೋಗಿ’ ಎಂದು ಎಳೆದು ನಿಂತುಬಿಟ್ಟಿತು. ವಾದ್ಯಗಳೂ ನಿಂತವು. ಇನ್ನು ‘ಬಾ’ ಅನ್ನುವುದೇ ಇಲ್ಲವೇನೋ, ಹೋಗುವವರು ಹೋಗೇಬಿಟ್ಟರೇನೋ ಎಂದು ಜೀವ ಬಾಯಿಗೆ ಬರುವಾಗ, ಎಲ್ಲೋ ತಳದಿಂದೆದ್ದು ‘ಬಾ’ ಬಂತು. ಅವನ ಕಣ್ಣು ತುಂಬಿತು. ಅಂದಿನಿಂದ ಸಂಜೆ ಮನೆಗೆ ಬಂದರೆ ಅದೇ ಹಾಡು. ಆಗ ಅಡುಗೆಮನೆಯ ಪಾತ್ರೆ ಸದ್ದು ನಿಲ್ಲುತ್ತಿದ್ದುದನ್ನು ಅವನು ಗಮನಿಸಲಿಲ್ಲ.

ಷಡ್ಡಕನೆದುರು ಮೀಸೆ ತಿರುವದೆ ಇರಲಾದೀತೇ? “ನನ್ನ ಹತ್ರ ಒಬ್ಬ ಹಾಡುಗಾರ ಇದ್ದಾನೆ, ನೀನು ಹೆಸರೂ ಕೇಳಿರಲ್ಲ” ಎಂದು ಆ ಹೆಸರು ಹೇಳಿದ. ತಟ್ಟೆಯನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿದ.

ಮುಂದೊಂದು ದಿನ ಷಡ್ಡಕನೇ ಟಿಕೆಟ್ ಹಿಡಿದು ಬಂದ. “ಅಣ್ಣ, ನಿಮ್ಮ ಹಾಡುಗಾರರು ನಮ್ಮೂರಿಗೇ ಬರ್ತಿದ್ದಾರೆ!” ವೇದಿಕೆಗೆ ಬಂದದ್ದು ನಗುಮುಖದ ಹೆಂಗಸು. ಸಣ್ಣ ದನಿಯಲ್ಲಿ ಅದೇ ಹಾಡನ್ನು ಕುಣಿಕುಣಿಯುತ್ತ ಹಾಡಿದಳು. ‘ಹೋಗಿ ಬಾ, ಹೋಗಿ ಬಾ’, ಬಸ್‌ಸ್ಟ್ಯಾಂಡಿನಲ್ಲಿ ಕೈ ಬೀಸಿದ ಹಾಗೆ.

“ಅಯ್ಯೋ, ಹಾಡು ಹಾಳು ಮಾಡ್ತಿದ್ದಾಳಲ್ಲ! ನನ್ನ ರೆಕಾರ್ಡಲ್ಲಿ ಗಂಡಸು ಹಾಡಿದ್ದು, ಇದರರ್ಧ ವೇಗದಲ್ಲಿ!”

ಷಡ್ಡಕ ಅರೆಗಳಿಗೆ ಕಣ್ಣು ಪಿಳುಕಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕ. “ಅಣ್ಣ, ದೊಡ್ಡ ತಟ್ಟೇಲೂ ಜೋರಾಗಿ ತಿರುಗೋವು ಇರ್ತವೆ! ನಿಧಾನಕ್ಕೆ ತಿರುಗಿಸಿ ಇವರನ್ನೇ ಗಂಡಸು ಮಾಡಿದ್ದೀರಿ! ಊರವರ ಗಡಿಯಾರ ಎಲ್ಲ ಸರಿ ಮಾಡ್ತೀರಿ, ನಿಮ್ಮನೇದೇ ಸ್ಲೋ ಆಯ್ತಲ್ಲ!”

ದೀಪದ ಬುಡದಲ್ಲೇ ಕತ್ತಲೆ. ಅವಮಾನವನ್ನಾದರೂ ನುಂಗಿಕೊಂಡಾನು. ಆದರೆ ಷಡ್ಡಕ ವೇದಿಕೆಯ ಹಿಂದೆ ಹೋಗಿ ಗಾಯಕಿಗೆ ಏನೋ ಹೇಳಿದ್ದು, ಅವಳು ನಗು ನಿಲ್ಲಿಸಿ ಕಿವಿಗೊಟ್ಟಿದ್ದು ಅವನ ಕಣ್ಣಿಗೆ ಬಿತ್ತು.

ಅದರ ಫಲ ಮುಂದಿನ ಕಾರ್ಯಕ್ರಮದಲ್ಲಿ ಕಂಡಿತು. ಅವತ್ತು ಗಡಿಯಾರದವನು ಹೆಂಡತಿಯನ್ನೂ ಕರೆತಂದಿದ್ದ. ಗಾಯಕಿ ಮೈಕ್ ಹಿಡಿದು, “ಈ ಹಾಡನ್ನ ನಿಧಾನಕ್ಕೆ ಹಾಡಬಹುದು ಅಂತ ತೋರಿಸಿಕೊಟ್ಟಿದ್ದು ಇವರು” ಎಂದು ಮುಂದಿನ ಸಾಲಿನತ್ತ ಕೈ ತೋರಿದಳು. ಷಡ್ಡಕ ಎದ್ದು ನಿಂತು ನಮಸ್ಕಾರ ಹಾಕಿದ. ಸಭಾಂಗಣವೆಲ್ಲ ಚಪ್ಪಾಳೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತ್ತು. ಗಡಿಯಾರದವನಿಗೆ ಕುಳಿತ ಕುರ್ಚಿಯೇ ಕೆಂಡವಾಯಿತು.

ಹಾಡು ಶುರುವಾಯಿತು. ತಗ್ಗಿದ ದನಿ, ಅವನದೇ ನಿಧಾನ. ‘ಹೋಗಿ’ ಎಂದು ಎಳೆದು ನಿಂತಳು. ನೂರಾರು ಜನ ಉಸಿರು ಹಿಡಿದರು, ಅವನೊಬ್ಬನೇ ಹಿಡಿಯುತ್ತಿದ್ದ ಉಸಿರನ್ನು. ‘ಬಾ’ ಎಂದಳು. ಜನ ಕುಣಿದೆದ್ದರು.

“ಬೇಗ ಬಂದುಬಿಡ್ತು ಕಣ್ರೀ” ಎಂದಳು ಪಕ್ಕದಲ್ಲಿದ್ದ ಹೆಂಡತಿ.

“ಏನು?”

“ಬಾ ಅನ್ನೋದು. ನಮ್ಮನೇಲಿ ಇನ್ನೂ ಕಾಯಿಸುತ್ತೆ. ಅದು ಬರೋವರೆಗೂ ನಾನು ಕೈಲಿರೋ ಲೋಟ ಕೆಳಗಿಡಲ್ಲ.”

ಇವಳೂ ಪಾಲುದಾರಳೇ ಎಂದು ಅವನು ಒಮ್ಮೆ ಉರಿದುಕೊಂಡ. ಮರುಗಳಿಗೆಗೆ ಅವಳು ಹೇಳಿದ್ದರ ಅರ್ಥ ತಲೆಗೆ ಹೋಯಿತು. ಯಾವ ಮನುಷ್ಯರ ಉಸಿರೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಆ ‘ಬಾ’ ಇರುವುದು ತನ್ನ ಬೀರುವಿನಲ್ಲಿ ಮಾತ್ರ.

“ಏಳು, ಮನೆಗೆ ಹೋಗೋಣ” ಎಂದ.

ಇಬ್ಬರೂ ಬಾಗಿಲ ಹತ್ತಿರ ಬರುವಷ್ಟರಲ್ಲಿ ಷಡ್ಡಕ ಹಿಂದೆಯೇ ಓಡಿಬಂದ.

“ಅಣ್ಣ, ಒಂದೇ ಒಂದ್ಸಲ ಆ ರೆಕಾರ್ಡ್ ಕೇಳ್ಬೇಕು. ನಾನೂ ಬರ್ಲಾ?”

ಅವನು ನಿಂತ. ಷಡ್ಡಕನೂ ನಿಂತ. ಹೆಂಡತಿ ಗಂಡನ ಮುಖ ನೋಡಿದಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಷಡ್ಡಕ ಕಾದೇ ಕಾದ.

ಅವನು ಬಾ ಅನ್ನಲಿಲ್ಲ.