ನಾನು ಬಿಗಿದ ಕ್ಲಚ್ಚು

ಗೌರಿ, ನಿನ್ನ ಅಪ್ಪನ ಕಣ್ಣಿನ ಮೇಲೆ ಸುಳ್ಳು ಹೊರಿಸಿದವನು ನಾನು. ಮೇಷ್ಟ್ರ ಕಾಲು ಮುರಿದದ್ದು ನಿನ್ನ ಅಪ್ಪನ ಕೆಲಸದಿಂದಲ್ಲ — ನನ್ನದರಿಂದ. ಇಷ್ಟು ವರ್ಷ ಇದನ್ನು ನುಂಗಿಕೊಂಡೇ ನಿಮ್ಮ ಮನೆಯಲ್ಲಿ ಉಂಡಿದ್ದೇನೆ.

ರಾಜಾಜಿನಗರದಲ್ಲಿ ಆಗಿನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಮಾಗಡಿ ರಸ್ತೆಯ ಶೆಡ್ಡಿನಲ್ಲಿ ನಾವಿಬ್ಬರೇ ಮೆಕ್ಯಾನಿಕ್ಕುಗಳು — ನಿನ್ನ ಅಪ್ಪ ಸಿದ್ದಣ್ಣ, ನಾನು. ಅಂದು ಅವರು ಮೇಷ್ಟ್ರ ಮೋಟಾರ್ ಸೈಕಲ್ಲಿನ ಕ್ಲಚ್ ಪ್ಲೇಟುಗಳನ್ನು ಜೋಡಿಸಿ, ಸ್ಪ್ರಿಂಗಿನ ನಟ್ಟುಗಳನ್ನು ಬಿಗಿಯಲು ನನಗೆ ಹೇಳಿ ಊಟಕ್ಕೆ ಹೋದರು. ಎಲ್ಲವನ್ನೂ ಒಂದೇ ಸಮ ಬಿಗಿಯಬೇಕು. ಇಲ್ಲವಾದರೆ ಲಿವರ್ ಹಿಡಿದಾಗ ಪ್ಲೇಟು ಓರೆಯಾಗಿ ಏಳುತ್ತದೆ, ಕ್ಲಚ್ ಬಿಡುವುದಿಲ್ಲ, ಎಂಜಿನ್ನಿನಿಂದ ಚಕ್ರ ಬೇರೆಯಾಗುವುದಿಲ್ಲ. ನಟ್ಟುಗಳ ಮಟ್ಟವನ್ನು ಬೆರಳಿಟ್ಟು ನೋಡಬೇಕೆಂದು ಅವರೇ ಕಲಿಸಿದ್ದರು. ನನಗೋ ಬಿನ್ನಿಪೇಟೆಯಲ್ಲಿ ಕುಸ್ತಿ ನೋಡುವ ಆತುರ — ಕುಸ್ತಿ, ಅಷ್ಟೇ! ಮುಚ್ಚಳ ಹಾಕಿ ಓಡಿದೆ.

ಹತ್ತಿರದ ಓಡಾಟಕ್ಕೆ ತೊಂದರೆ ಕಾಣಲಿಲ್ಲ. ವಾರದ ಮೇಲೆ ಮೇಷ್ಟ್ರು ದೂರದಿಂದ ಬರುತ್ತಿದ್ದರು, ಎಂಜಿನ್ ಕಾದಿತ್ತು. ಸುಂಕದಕಟ್ಟೆ ಹತ್ತಿರ ಎತ್ತಿನ ಗಾಡಿ ಅಡ್ಡ ಬಂದಾಗ ಕ್ಲಚ್ ಹಿಡಿದರೂ ಎಂಜಿನ್ ಚಕ್ರವನ್ನು ದೂಡುತ್ತಲೇ ಇತ್ತು. ಗಾಡಿಗೆ ಗುದ್ದಿ ಬಿದ್ದರು, ಕಾಲು ಮುರಿಯಿತು.

ಮೋಟಾರ್ ಸೈಕಲ್ಲನ್ನು ಮೇಷ್ಟ್ರ ಅಣ್ಣ ತಳ್ಳಿಸಿಕೊಂಡು ಬಂದರು. ಕೇಬಲ್ ನೋಡಿದೆ — ಸರಿಯಿತ್ತು. ಮುಚ್ಚಳ ಬಿಚ್ಚಿದೆ. ಒಂದು ನಟ್ಟು ಆಳಕ್ಕೆ ಬಿಗಿದಿತ್ತು, ಉಳಿದವು ಸಡಿಲ.

"ಯಾರ್ರೀ ಇದನ್ನ ಬಿಗಿದಿದ್ದು?" ಎಂದರು ಮೇಷ್ಟ್ರ ಅಣ್ಣ.

"ಸಿದ್ದಣ್ಣೋರು ಸಾರ್. ಈಚೆಗೆ ಅವರಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲ."

ನಿನ್ನ ಅಪ್ಪ ಅಲ್ಲೇ ನಿಂತಿದ್ದರು. ನನ್ನನ್ನು ಬೈಯಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದರು — ಅಷ್ಟರಲ್ಲಿ ಎಷ್ಟೋ ಗಾಡಿಗಳು ಅವರ ಕೈ ದಾಟಿದ್ದವು — ಕೊನೆಗೆ ನನ್ನ ಮಾತನ್ನೇ ನಂಬಿದರು. "ನಾನೇ ಬಿಗಿದಿರ್ಬೇಕು ಸಾರ್. ತಪ್ಪಾಯ್ತು," ಎಂದು ಕೈಮುಗಿದರು.

ಮಾರನೆಯ ದಿನದಿಂದ ಅವರು ಸ್ಪ್ಯಾನರ್ ಮುಟ್ಟಲಿಲ್ಲ. ನೀನು ಶಾಲೆ ಬಿಟ್ಟು ಮಿಲ್ಲಿಗೆ ಸೇರಿದೆ. ನಾನು — ನಾನು ಅವರ ಜಾಗದಲ್ಲಿ ಕೂತೆ.

ನಿನ್ನ ಅಪ್ಪ ಕಾಯಿಲೆ ಬಿದ್ದಾಗ ಒಮ್ಮೆ ನನ್ನ ಕೈ ಹಿಡಿದು, "ನಾನು ಕೆಡಿಸಿದ್ದನ್ನ ನೀನು ಸರಿ ಮಾಡ್ದೆ ಕಣಪ್ಪಾ, ಪುಣ್ಯಾತ್ಮ," ಎಂದರು. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹದಿನೈದು ದಿನಕ್ಕೆ ಹೋಗಿಬಿಟ್ಟರು — ಆ ತಪ್ಪು ತಮ್ಮದೇ ಎಂದುಕೊಂಡು.

ನನಗೆ ನಾಚಿಕೆಯಾಗುತ್ತದೆ, ಗೌರಿ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಭಾನುವಾರ ಮೇಷ್ಟ್ರ ಮನೆಗೆ ಹೋಗಿ, ಅವರ ಅಣ್ಣನನ್ನೂ ಕೂರಿಸಿಕೊಂಡು, ಇದನ್ನೆಲ್ಲ ಹೇಳುತ್ತೇನೆ. ನೀನೂ ಬಾ. ಅಂದು ಶೆಡ್ಡಿನಲ್ಲಿ ನಿನ್ನ ಅಪ್ಪನ ಪರವಾಗಿ ಯಾರೂ ಇರಲಿಲ್ಲ.