ಹರಿಣಾಕ್ಷಿಯ ಲೈವ್, ನನ್ನ ಮೂರು ಕಂಪ್ಯೂಟರ್

2022ರ ಹೊತ್ತಿಗೆ ನಾನು ಪುತ್ತೂರಿನಲ್ಲಿ ಫೋಟೋ ಸ್ಟುಡಿಯೋ ತೆರೆದು ಇಪ್ಪತ್ತನಾಲ್ಕು ವರ್ಷ ಕಳೆದಿತ್ತು. ಕೋವಿಡ್ ಕಾಲದಲ್ಲಿ ಮದುವೆ, ಉತ್ತರಕ್ರಿಯೆಗಳ ಲೈವ್ ಮಾಡಲು ಕಲಿತವನು ನಾನು. ಸುಳ್ಯದಿಂದ ಕಡಬದವರೆಗೆ ಲೈವ್ ಎಂದರೆ ನನ್ನ ಹೆಸರೇ ಮೊದಲು ಬರುತ್ತಿತ್ತು. ಬರುತ್ತಿತ್ತು ಎಂದು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. ಅದಕ್ಕೆ ಕಾರಣ ಕುಂಬ್ರದ ಹರಿಣಾಕ್ಷಿ.

ಆಕೆ ರಾಮಕುಂಜದ ಕಡೆ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದವಳು. ಅದನ್ನು ಬಿಟ್ಟು ಒಂದು ಕ್ಯಾಮೆರಾ, ಒಂದು ಲ್ಯಾಪ್‌ಟಾಪ್ ಹಿಡಿದು ಈ ಕೆಲಸಕ್ಕೆ ಇಳಿದಳು. ನನ್ನಲ್ಲಿ ನಾಲ್ಕು ಕ್ಯಾಮೆರಾ, ಮಿಕ್ಸರ್, ಕ್ರೇನ್ ಎಲ್ಲ ಇದ್ದವು. ಹಾಗಾಗಿ ಮೊದಲು ನಗು ಬಂತು. ಔಸೇಪಣ್ಣನ ಮನೆಯವರು ನನ್ನನ್ನು ಬಿಟ್ಟು ಅವಳನ್ನು ಕರೆದ ದಿನ ನಗು ನಿಂತಿತು.

ಔಸೇಪಣ್ಣ ಕಡಬದ ರಬ್ಬರ್ ಕೃಷಿಕರು. ಹಿಂದಿನ ವರ್ಷ ಅವರ ಮಗ ಬೆನ್ನಿಯ ಮದುವೆಯ ಲೈವ್ ಮಾಡಿದ್ದು ನಾನೇ. ನಮ್ಮ ಕ್ರಮವೆಂದರೆ ಚಿತ್ರವನ್ನು ದೊಡ್ಡ ಕಂಪೆನಿಯೊಂದರ ಸರ್ವರ್‌ಗೆ ಕಳಿಸುವುದು. ನೋಡುಗರಿಗೆಲ್ಲ ಹಂಚುವುದು ಅವರ ಕೆಲಸ. ಅಂದು ಚರ್ಚಿನಲ್ಲಿ ತಾಳಿ ಕಟ್ಟುವ ಹೊತ್ತಿಗೆ ಹಾಡುಗಾರರು ಪೆನ್‌ಡ್ರೈವಿನ ಸಂಗೀತ ಹಾಕಿ ಭಕ್ತಿಗೀತೆ ಹಾಡಿದರು. ಆ ಸಂಗೀತಕ್ಕೆ ಕಾಪಿರೈಟ್ ಇತ್ತು. ಕಂಪೆನಿಯ ಸರ್ವರ್ ಅದನ್ನು ಗುರುತಿಸಿ ಲೈವನ್ನು ತಾನಾಗಿ ಕಡಿದುಹಾಕಿತು. ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳು ಲಿಸ್ಸಿಗೆ ತಮ್ಮ ಬೆನ್ನಿ ತಾಳಿ ಕಟ್ಟುವುದು ಕಾಣಲೇ ಇಲ್ಲ. ನನ್ನ ತಪ್ಪಲ್ಲ ಎಂದು ನಾನು ಕೈ ತೊಳೆದುಕೊಂಡೆ.

ಮರುವರ್ಷ ಔಸೇಪಣ್ಣ ತೀರಿಕೊಂಡರು. ಲಿಸ್ಸಿಗೆ ಹೆರಿಗೆಯ ತಿಂಗಳು. ವಿಮಾನ ಹತ್ತುವ ಹಾಗಿರಲಿಲ್ಲ. ಅಪ್ಪನ ಮುಖ ಕೊನೆಯ ಸಲ ನೋಡಲು ಅವಳಿಗಿದ್ದದ್ದು ಲೈವ್ ಒಂದೇ. ಆ ಲೈವ್ ಹರಿಣಾಕ್ಷಿಗೆ ಹೋಯಿತು.

ಅವಳದ್ದು ಪಿಯರ್ ಟು ಪಿಯರ್ ಎಂಬ ವಿಧಾನ. ಅದರಲ್ಲಿ ನಡುವೆ ದೊಡ್ಡ ಕಂಪೆನಿ ಇಲ್ಲ. ಚಿತ್ರದ ತುಣುಕುಗಳು ಮೊದಲು ಒಬ್ಬಿಬ್ಬರು ನೋಡುಗರಿಗೆ ತಲುಪುತ್ತವೆ. ಅವರ ಕಂಪ್ಯೂಟರೇ ಅವನ್ನು ಉಳಿದವರಿಗೆ ಕೊಡುತ್ತದೆ. ಊಟದ ಪಂಕ್ತಿಯಲ್ಲಿ ಕುಳಿತವರೇ ನೀರಿನ ಜಗ್ಗನ್ನು ಪಕ್ಕದವರಿಗೆ ದಾಟಿಸಿದ ಹಾಗೆ. ಗುಡ್ಡದ ಮೇಲಿನ ಔಸೇಪಣ್ಣನ ಮನೆಯಲ್ಲಿ ಮೊಬೈಲ್ ನೆಟ್‌ವರ್ಕ್ ಇಬ್ಬರು ಮೂವರಿಗೆ ಚಿತ್ರ ಕಳಿಸುವಷ್ಟೂ ಗಟ್ಟಿಯಿಲ್ಲ ಎಂದು ನನಗೆ ಗೊತ್ತಿತ್ತು. ಇವಳ ಆಟ ಇವತ್ತು ಮುಗಿಯಿತು ಎಂದುಕೊಂಡೆ.

ಬೆನ್ನಿ ಎಲ್ಲರಿಗೂ ಕಳಿಸಿದ ಲಿಂಕ್ ನನಗೂ ಬಂದಿತ್ತು. ಮಧ್ಯಾಹ್ನ ಮೂರಕ್ಕೆ ಸ್ಟುಡಿಯೋದ ಮೂರೂ ಕಂಪ್ಯೂಟರಿನಲ್ಲಿ ಅದನ್ನು ತೆರೆದು ಕುಳಿತೆ. ಒಂದರಲ್ಲಿ ಚಿತ್ರ ಕಡಿದು ನಿಲ್ಲದಿದ್ದರೆ ಇನ್ನೊಂದರಲ್ಲಾದರೂ ನಿಂತೀತು ಎಂಬ ಆಸೆ. ನನ್ನ ಹೆಂಡತಿ ಶಶಿಕಲಾ ಚಹಾ ತಂದವಳು ಸ್ಕ್ರೀನುಗಳನ್ನು ನೋಡಿದಳು.

"ಎಂತ ಮಾರಾಯ್ರೆ ಇದು? ಒಂದೇ ಸಾವನ್ನು ಮೂರು ಮೂರು ಕಂಪ್ಯೂಟರಲ್ಲಿ ನೋಡುದು?"

"ಕ್ವಾಲಿಟಿ ಹೇಗುಂಟು ಅಂತ ನೋಡುದು."

"ಹೊಟ್ಟೆಕಿಚ್ಚಿಗೆ ಫೈಬರ್ ಕನೆಕ್ಷನ್ ಬೇರೆ," ಎಂದು ಅವಳು ಒಳಗೆ ಹೋದಳು.

ಚಿತ್ರ ನಿಲ್ಲಲಿಲ್ಲ. ಅರ್ಧ ಗಂಟೆಯಾದರೂ ಒಂದು ಸಲವೂ ತಡವರಿಸಲಿಲ್ಲ. ಆಗ ಸ್ಕ್ರೀನಿನ ಮೂಲೆಯಲ್ಲಿದ್ದ ಸಣ್ಣ ಅಂಕಿಗಳ ಮೇಲೆ ಕಣ್ಣು ಬಿತ್ತು. ಒಂದು, ನಾನು ಪಡೆಯುತ್ತಿರುವ ಡೇಟಾ. ಇನ್ನೊಂದು, ನಾನು ಬೇರೆಯವರಿಗೆ ಕೊಡುತ್ತಿರುವ ಡೇಟಾ. ಎರಡನೆಯದು ಮೊದಲನೆಯದರ ಹತ್ತು ಪಟ್ಟು ಇತ್ತು. ಮೂರೂ ಕಂಪ್ಯೂಟರಿನಲ್ಲಿ ಅದೇ ಕಥೆ. ನೋಡುವವರಲ್ಲಿ ಹೆಚ್ಚಿನವರದು ಮೊಬೈಲ್. ಗಟ್ಟಿ ಫೈಬರ್ ಇದ್ದದ್ದು ನನಗೆ. ಹರಿಣಾಕ್ಷಿಯ ಲೈವನ್ನು ದೇಶವಿದೇಶಕ್ಕೆ ಹಂಚುತ್ತಿದ್ದವನು ನಾನೇ.

ಮೈಯೆಲ್ಲ ಉರಿದುಹೋಯಿತು. ಮುಂದೆ ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಮೂರೂ ಕಂಪ್ಯೂಟರಿನ ಲೈವನ್ನು ಒಂದೊಂದಾಗಿ ಮುಚ್ಚಿದೆ. ಮುಚ್ಚಿ ಸುಮ್ಮನಿರಲೂ ಇಲ್ಲ. ಅದು ಬೀಳುವುದನ್ನು ನೋಡಬೇಕೆಂದು ಮೊಬೈಲಿನಲ್ಲಿ ಅದನ್ನೇ ತೆರೆದೆ.

ಬಿತ್ತು. ಚಕ್ರ ತಿರುಗತೊಡಗಿತು. ಕೆಳಗೆ ಕಾಮೆಂಟುಗಳು ಬಂದವು. ಚಿತ್ರ ಹೋಯಿತು, ನಿಮಗೂ ಹೋಯಿತಾ, ಎಂದು. ಅವುಗಳ ನಡುವೆ ಲಿಸ್ಸಿಯದೂ ಒಂದಿತ್ತು: "ಬೆನ್ನೀ, ಅಪ್ಪನ ಮುಖ ಕಾಣುದಿಲ್ಲ ನನಗೆ."

ಔಸೇಪಣ್ಣನವರ ಕ್ರೈಸ್ತ ಸಮುದಾಯದಲ್ಲಿ ತೀರಿಕೊಂಡವರಿಗೆ ಮನೆಯವರೆಲ್ಲ ಕೊನೆಯ ಮುತ್ತಿಟ್ಟ ಮೇಲೆ ಮಕ್ಕಳು ಬಿಳಿ ಬಟ್ಟೆಯಿಂದ ಮುಖ ಮುಚ್ಚುತ್ತಾರೆ. ಆಮೇಲೆ ಆ ಮುಖ ಯಾರಿಗೂ ಇಲ್ಲ. ಅದರ ಹೊತ್ತು ಆಗಿತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೂರೂ ಕಂಪ್ಯೂಟರಿನಲ್ಲಿ ಮತ್ತೆ ಲಿಂಕ್ ಒತ್ತಿದೆ. ಮುಖ ಮುಚ್ಚಿ ಆಗಿರದಿರಲಿ ದೇವರೇ ಎಂದು ಬೇಡಿಕೊಂಡೆ.

ಚಿತ್ರ ಬಂದಾಗ ಬೆನ್ನಿ ಬಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದ. ಪಾದ್ರಿಗಳೂ ಪುಸ್ತಕ ಮಡಚಿ ನಿಂತಿದ್ದರು. ಕ್ಯಾಮೆರಾದ ಹಿಂದಿನಿಂದ ಹರಿಣಾಕ್ಷಿಯ ಸ್ವರ ಕೇಳಿತು: "ಇನ್ನೊಂಚೂರು ನಿಲ್ಲಿ ಫಾದರ್. ಲಿಸ್ಸಿಗೆ ಕಾಣ್ಲಿ." ಸ್ವಲ್ಪ ಹೊತ್ತಿನಲ್ಲಿ ಲಿಸ್ಸಿ "ಕಾಣ್ತದೆ" ಎಂದು ಬರೆದಳು. ಹರಿಣಾಕ್ಷಿ ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ಬೆನ್ನಿ ಆಮೇಲೆ ಮುಖ ಮುಚ್ಚಿದ.

ನನಗೆ ನಿಜವಾದ ಅಸೂಯೆ ಹುಟ್ಟಿದ್ದು ಆಗ. ತಂತ್ರಜ್ಞಾನವನ್ನು ಒಂದು ವಾರದಲ್ಲಿ ಕಲಿತುಕೊಳ್ಳಬಹುದಿತ್ತು. ಬೆನ್ನಿಯ ಮದುವೆಯಲ್ಲಿ ನನ್ನ ಲೈವ್ ಕಡಿದಾಗ, ತಾಳಿಗೆ ಎರಡು ನಿಮಿಷ ನಿಲ್ಲಿ ಎಂದು ನಾನೂ ಕೇಳಬಹುದಿತ್ತು. ನಾಲ್ಕು ಕ್ಯಾಮೆರಾ ಇಟ್ಟುಕೊಂಡು ಅದು ನನಗೆ ಹೊಳೆಯಲೇ ಇಲ್ಲ.

ಮರುದಿನ ಅವಳ ಫೋನ್ ಬಂತು.

"ಅಣ್ಣಾ, ಪುತ್ತೂರಿಂದ ಮೂರು ಕಂಪ್ಯೂಟರ್ ಒಂದೇ ಲೈನಲ್ಲಿ ಇತ್ತು. ನೀವೇ ಅಲ್ವಾ? ನಿಮ್ಮಿಂದಾಗಿ ನಿನ್ನೆ ಮರ್ಯಾದೆ ಉಳಿಯಿತು. ನಡುವೆ ಎರಡು ನಿಮಿಷ ಎಂತಾಯ್ತು?"

"ಕರೆಂಟ್ ಹೋಗಿತ್ತು," ಎಂದೆ.

"ಹಾಗೆಯಾ. ಬೇಗ ಬಂತಲ್ಲ, ಅದೇ ದೊಡ್ಡದು," ಎಂದಳು.

ಆಮೇಲಿನ ಪ್ರತಿ ಕಾರ್ಯಕ್ರಮದಲ್ಲೂ ಪುರೋಹಿತರಿಗೋ ಪಾದ್ರಿಗಳಿಗೋ ಮೊದಲೇ ಹೇಳಿಡುತ್ತೇನೆ: ಚಿತ್ರ ನಿಂತರೆ ನಾನು ಕೈ ಎತ್ತುತ್ತೇನೆ, ನೀವೂ ನಿಲ್ಲಿಸಿ. ಲೈವ್ ಇರುವುದು ಬರಲಾಗದವರಿಗೆ; ಅವರು ಬಂದು ಮುಟ್ಟುವ ತನಕ ಕಾಯಬೇಕು. ಈ ವೃತ್ತಿ ನನಗೆ ಕಲಿಸಿದ ಪಾಠ ಇಷ್ಟೇ. ನಿಮ್ಮ ಕ್ರಮ ಒಳ್ಳೆದುಂಟು ಎಂದು ಜನ ಹೊಗಳುತ್ತಾರೆ. ಅದು ಕುಂಬ್ರದ ಹರಿಣಾಕ್ಷಿಯದು ಎಂದು ಹೇಳಲು ಇಷ್ಟು ವರ್ಷ ನನಗೆ ಬಾಯಿ ಬರಲಿಲ್ಲ. ಇವತ್ತು ಬರೆದಿದ್ದೇನೆ.

ಅಂದು ಕರೆಂಟ್ ಹೋಗಿರಲಿಲ್ಲ, ಹರಿಣಾಕ್ಷಿ.