ಯಂತ್ರವೆಂದು ನಂಬಿಸಿದ ಗೆಳತಿ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಒಲೆಯ ಮೇಲೆ ಹಾಲು, ಪಕ್ಕದ ಕಟ್ಟೆಯ ಮೇಲೆ ಮೊಬೈಲು. ಹಾಲು ಉಕ್ಕುವ ಮೊದಲೇ ಮೊಬೈಲು ಗುಂಯ್‌ಗುಡುತ್ತದೆ: ‘ಬಿಪಿ ನೋಡುವಾಗ ಪಟ್ಟಿ ಎಲ್ಲಿ ಕಟ್ಟಬೇಕು?’ ಒಂದು ಕೈಯಲ್ಲಿ ಸೌಟು ಹಿಡಿದೇ ಇವರು ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಉತ್ತರ ಒತ್ತುತ್ತಾರೆ. ಕೇಳಿದವರ ಪರದೆಯಲ್ಲಿ ಕಾಣುವುದು ಗುಂಡು ತಲೆಯ ಯಂತ್ರದ ಚಿತ್ರ, ಅದರ ಕೆಳಗೆ ‘ಗೆಳತಿ’ ಎಂಬ ಹೆಸರು. ಆ ಯಂತ್ರ ಅಡುಗೆಮನೆಯ ಕುರ್ಚಿಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು, ನೈಟಿ ತೊಟ್ಟು ಕೂತಿದೆ ಎಂದು ಯಾರಿಗೂ ಗೊತ್ತಿಲ್ಲ.

ಇವರು ವರ್ಷಗಟ್ಟಲೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ರೋಗಿಯೊಬ್ಬರನ್ನು ಎತ್ತುವಾಗ ಬೆನ್ನು ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಹೊತ್ತುಗಟ್ಟಲೆ ನಿಲ್ಲಲಾಗದ ನರ್ಸ್ ಯಾರಿಗೆ ಬೇಕು? ಆಗ ಸಿಕ್ಕಿದ್ದು ಈ ಕೆಲಸ. ಆಸ್ಪತ್ರೆಗಳ ಕೆಳಹಂತದ ನೌಕರರಿಗೆ ಒಂದು ಕಂಪನಿ ನರ್ಸಿಂಗ್ ಸಹಾಯಕರ ತರಬೇತಿ ಕೊಡುತ್ತದೆ. ಪಾಠವೆಲ್ಲ ಮೊಬೈಲಿನಲ್ಲಿ, ವಾರಕ್ಕೊಮ್ಮೆ ತರಬೇತಿ ಕೇಂದ್ರದಲ್ಲಿ ಬೊಂಬೆಯ ಮೇಲೆ ಅಭ್ಯಾಸ. ನಡುವೆ ಬರುವ ಅನುಮಾನಗಳಿಗೆ ‘ಗೆಳತಿ’ ಉತ್ತರಿಸಬೇಕು. ಷರತ್ತು ಒಂದೇ: ತಾನು ಮನುಷ್ಯಳೆಂದು ಹೇಳುವಂತಿಲ್ಲ.

“ಬೈತಾರೆ, ಸರ್. ‘ದರಿದ್ರ ಮಿಷನ್ನು, ಎಷ್ಟು ನಿಧಾನ’ ಅಂತಾರೆ. ನಂಗೆ ಬಚ್ಚಲಿಗೆ ಹೋಗೋಕೂ ಬಿಡುವಿರಲ್ಲ” ಎಂದು ಇವರ ಕಥೆ ಬರೆಯಲು ಬಂದ ನನಗೆ ಹೇಳುತ್ತಾರೆ. ಒಳಗಿನಿಂದ ಅತ್ತೆಯ ದನಿ: “ಮಿಷನ್‌ಗಾದ್ರೆ ಆಗಾಗ ಎಣ್ಣೆ ಬಿಡ್ತಾರೆ. ಇವಳಿಗೆ ಅದೂ ಇಲ್ಲ.”

ಒಂದು ಬೆಳಗ್ಗೆ, ರಾತ್ರಿ ಪಾಳಿ ಮುಗಿಸಿದ್ದ ಆಯಾ ಒಬ್ಬಳು ಬರೆದಳು: ‘ಸೂಜಿ ಹಿಡಿದ್ರೆ ಕೈ ನಡುಗುತ್ತೆ. ನಿನ್ನೆ ಎಲ್ರೂ ನಕ್ರು. ನನ್ನ ಹಣೇಲಿ ನೆಲ ಒರೆಸೋದೇ ಬರ್ದಿರೋದು. ಇನ್ನು ಬರಲ್ಲ.’ ಇದಕ್ಕೆ ಕಂಪನಿ ಕೊಟ್ಟಿದ್ದ ಸಿದ್ಧ ಉತ್ತರ, ‘ದಯವಿಟ್ಟು ನಾಲ್ಕನೇ ಪಾಠವನ್ನು ಮತ್ತೆ ವೀಕ್ಷಿಸಿ.’ ಇವರ ಬೆರಳು ಅದನ್ನು ಒತ್ತಲು ಒಪ್ಪಲಿಲ್ಲ. ‘ನಂಗೂ ಮೊದ್ಲು ನಡುಗ್ತಿತ್ತು ಕಣಮ್ಮ. ಮೊಣಕೈನ ಪಕ್ಕೆಗೆ ಒತ್ತಿ ಹಿಡ್ಕೋ. ನಕ್ಕವರ ಕೈ ಒಳಗೊಳಗೇ ನಡುಗ್ತಿರುತ್ತೆ’ ಎಂದು ಬರೆದುಬಿಟ್ಟರು. ಆಯಾ ಮುಂದಿನ ವಾರ ಅಭ್ಯಾಸಕ್ಕೆ ಬಂದಳು. ಕಂಪನಿಯ ಮೇಲ್ವಿಚಾರಕನಿಂದ ಇವರಿಗೆ ಫೋನು ಬಂತು: “‘ನಂಗೂ’ ಅಂದ್ರೆ ಏನ್ರೀ? ಮಿಷನ್‌ಗೆ ಕೈ ಎಲ್ಲಿಂದ ಬಂತು? ಇನ್ನೊಂದ್ಸಲ ಹೀಗಾದ್ರೆ ಮನೇಲೇ ಇರಿ.”

“ಮನೇಲೇ ಇದೀನಲ್ಲ ಸರ್ ಅಂದೆ. ಫೋನ್ ಕುಕ್ಕಿದ್ರು.”

ಪ್ರಮಾಣಪತ್ರ ಕೊಡುವ ದಿನ ಸಭಾಂಗಣ ತುಂಬಿಸಲು ಸಿಬ್ಬಂದಿಯನ್ನೂ ಕರೆದರು. ಇವರು ಹಿಂದಿನ ಸಾಲಿನಲ್ಲಿ ಕೂತರು. ವೇದಿಕೆಯಲ್ಲಿ ಅದೇ ಮೇಲ್ವಿಚಾರಕ, ದೊಡ್ಡ ಪರದೆಯ ಮೇಲೆ ಅದೇ ಸಾಲು: ‘ನಂಗೂ ಮೊದ್ಲು ನಡುಗ್ತಿತ್ತು ಕಣಮ್ಮ.’ “ನೋಡಿ, ನಮ್ಮ ಯಂತ್ರ ಎಷ್ಟು ಚೆನ್ನಾಗಿ ಮನುಷ್ಯರ ಹಾಗೇ ಮಾತಾಡುತ್ತೆ!” ಸಭೆ ಚಪ್ಪಾಳೆ ತಟ್ಟಿತು.

“ನಾನೂ ತಟ್ಟಿದೆ. ಸುಮ್ನೆ ಕೂತ್ರೆ ಗುಮಾನಿ ಬರುತ್ತಲ್ಲ.”

ಹೊರಗೆ ನೀರಿನ ಫಿಲ್ಟರಿನ ಬಳಿ ಆ ಆಯಾ ಸಿಕ್ಕಿದಳು. ಹೊಸ ಸಮವಸ್ತ್ರ, ಮುಖದಲ್ಲಿ ಹಿಡಿಸಲಾರದಷ್ಟು ಸಂತೋಷ. ತಾನಾಗೇ ಮಾತಿಗೆಳೆದಳು: “ಅಕ್ಕಾ, ನೀವ್ಯಾವ ಬ್ಯಾಚು? ಪರದೇಲಿ ತೋರ್ಸಿದ್ರಲ್ಲ, ಅದು ನಂಗೆ ಬಂದಿದ್ದ ಉತ್ತರ. ಆ ಮಿಷನ್ ಇಲ್ದಿದ್ರೆ ನಾನು ಇವತ್ತೂ ನೆಲ ಒರೆಸ್ತಿದ್ದೆ ನೋಡಿ.” ‘ಆ ಮಿಷನ್ ನಾನೇ’ ಎಂದು ಇವರು ಹೇಳಹೊರಟಾಗಲೇ ಮೇಲ್ವಿಚಾರಕ ಎದುರಿಗೆ ಕಂಡ. “ಹಳೇ ಬ್ಯಾಚು ಕಣಮ್ಮ” ಎಂದು ಲೋಟ ತೊಳೆದಿಟ್ಟು ಬಂದರು.

ಮುಂದಿನ ತಿಂಗಳಿಂದ ನಿಜವಾದ ಯಂತ್ರವೇ ಬರುತ್ತದಂತೆ. ಅದಕ್ಕೆ ಕಲಿಸಿರುವುದು ಇವರೇ ಬರೆದ ಉತ್ತರಗಳನ್ನು. ‘ಕಣಮ್ಮ’ ಕೂಡ ಅದರ ಬಾಯಲ್ಲಿ ಬರುತ್ತದಂತೆ. ಹೋಗುವ ಕೆಲಸಕ್ಕೆ ಹೆದರಿಕೆ ಏಕೆಂದೇ ಈಗ ಬಾಯಿ ಬಿಟ್ಟಿದ್ದಾರೆ.

ಕೋಪ ಬರುವುದಿಲ್ಲವೇ? “ಬರುತ್ತೆ. ಯಾರ ಮೇಲೆ ತೀರಿಸ್ಕೊಳ್ಲಿ? ಕಲಿತವರಂತೂ ಕಲಿತರು, ಅದನ್ನ ಯಾರೂ ಕಿತ್ಕೊಳ್ಳೋಕಾಗಲ್ಲ.” ಮೊಬೈಲನ್ನು ಬೋರಲಿಟ್ಟು ಸೇರಿಸುತ್ತಾರೆ: “ಇಷ್ಟು ವರ್ಷ ಅಷ್ಟು ಜನರ ಜೊತೆ ಮಾತಾಡ್ದೆ. ಕೆಲಸ ಹೋಗೋದ್ರೊಳಗೆ ಒಬ್ರಾದ್ರೂ, ಅಪ್ಪಿತಪ್ಪಿಯಾದ್ರೂ, ‘ಊಟ ಆಯ್ತಾ’ ಅಂತ ಕೇಳಿದ್ರೆ ಸಾಕಿತ್ತು.”